ದುರುಗಮ್ಮನ ಹಸಿರು ಚೀಟಿ

ತಲೆಗೆ ಬೋಗುಣಿ ಕವುಚಿದಂತಿದ್ದ ಯಂತ್ರ ಮೂರು ನಿಮಿಷ ಗುಂಯ್‌ಗುಟ್ಟಿತು. ಮೆದುಳಿನ ಯಾವ ಮೂಲೆಗೆ ರಕ್ತ ಎಷ್ಟು ಹರಿಯುತ್ತಿದೆ ಎಂದು ಅದು ಚಿತ್ರ ತೆಗೆಯುತ್ತಿದ್ದರೆ, ಪಕ್ಕದ ಗಾಜಿನ ಕೊಳವೆ ದುರುಗಮ್ಮನ ಎಂಜಲಿನಲ್ಲಿ ವಂಶವಾಹಿಗಳ ಗುರುತು ಹುಡುಕುತ್ತಿತ್ತು, ಮನುಷ್ಯನನ್ನು ಖಿನ್ನತೆಯತ್ತ ವಾಲಿಸುವ ಗುರುತು. ಎರಡನ್ನೂ ಕೂಡಿಸಿ ಯಂತ್ರ ಚೀಟಿ ಉಗುಳಿತು. ಹಸಿರು. ‘ಸಹಜ.’

2056ರ ಕಾನೂನು ಹೀಗಿತ್ತು: ಕೆಂಪು ಚೀಟಿಗೆ ಆರು ತಿಂಗಳ ಸಂಬಳದ ರಜೆ ಮತ್ತು ಚಿಕಿತ್ಸೆ. ಹಸಿರಿಗೆ ಮರುದಿನ ಮತ್ತೆ ಕೆಲಸ; ದುರುಗಮ್ಮನಿಗೆ ಅಂದರೆ ಬಳ್ಳಾರಿಯ ಜೀನ್ಸ್ ಒಗೆಯುವ ತೊಟ್ಟಿ.

ದುರುಗಮ್ಮ ಸೀದಾ ಅಕ್ಕನ ಮನೆಗೆ ಹೋದಳು. ಹಂಪಮ್ಮ ಏಳೇ ನಿಮಿಷಕ್ಕೆ ಅಕ್ಕ. ನೋಡಿದವರು ಗುರುತು ತಪ್ಪುವಂಥ ಅವಳಿ. ಒಬ್ಬಳನ್ನು ಮಾತ್ರ ಓದಿಸಲು ಆಗುತ್ತದೆ ಎಂದಾಗ ಅವ್ವ ಆ ಏಳು ನಿಮಿಷವನ್ನೇ ಹಿಡಿದಿದ್ದಳು. ಹಂಪಮ್ಮ ಶಾಲೆಯೊಂದರ ಗುಮಾಸ್ತೆಯಾಗಿ ನೌಕರರ ಬಡಾವಣೆ ಸೇರಿದಳು. ಮೂರು ತಿಂಗಳ ಹಿಂದೆ ಅವಳಿಗೆ ಕೆಂಪು ಬಂದಿತ್ತು.

“ಗಂಡ ಚಾ ಮಾಡಿ ಕೊಡ್ತಾನ. ಮನಿ ಒಳಗ ನಳ ಐತಿ. ನಿನಗ್ಯಾವ ದುಃಖಾನೇ ಯಕ್ಕ?”

“ಅದ ಗೊತ್ತಾಗವಲ್ದು,” ಎಂದಳು ಹಂಪಮ್ಮ, ಗೋಡೆ ನೋಡುತ್ತ. ಕೂದಲು ಜಡೆಗಟ್ಟಿತ್ತು.

ದುರುಗಮ್ಮ ಬಾಚಣಿಗೆ ಹಿಡಿದು ಹಿಂದೆ ಕೂತಳು. ಬೇಕೆಂದೇ ಜಗ್ಗಿದಳು. “ರೋಗಾನೂ ನಿನಗ ಬೇಕಾಗಿತ್ತಾ? ಸ್ಲೇಟು ನಿನಗ, ಸಾಲಿ ನಿನಗ. ಇದರಾಗರ ನನಗ ಪಾಲು ಕೊಡಬಾರದಾ?”

“ಮೆಲ್ಲಕ ಎಳಿಯೇ. ನಾಳೆ ನಂದು ಮರುತಪಾಸಣೆ. ಹೋಗದಿದ್ರ ರಜಾ ರದ್ದು. ಎದ್ದು ನಿಲ್ಲಾಕೂ ಆಗವಲ್ದು ನನಗ.”

“ನಿನ್ನ ಗುರುತಿನ ಕಾರ್ಡ್ ಕೊಡು. ನಿನ್ನ ಬದಲಿ ನಾ ಕುಂದ್ರತೀನಿ.”

ಹಂಪಮ್ಮ ತಂಗಿಯ ಕೈ ಹಿಡಿದು ಕೆನ್ನೆಗೆ ಒತ್ತಿಕೊಂಡಳು. ತಂಗಿಯ ಎದೆಯಲ್ಲಿದ್ದದ್ದು ಬೇರೆ: ನನ್ನ ಹಸಿರು ತಲೆ ಇವಳ ಹೆಸರಿಗೆ ಬೀಳಲಿ. ಇವಳ ರಜೆಯೂ ಹೋಗಲಿ. ಇವಳೂ ಎದ್ದು ದುಡಿಯಲಿ.

ಮರುದಿನ ಎಂಜಲು ನೋಡಿದ ಯಂತ್ರ ಅವಳನ್ನು ಹಂಪಮ್ಮನೆಂದೇ ಒಪ್ಪಿತು. ವಂಶವಾಹಿ ಸುಳ್ಳು ಹೇಳುವುದಿಲ್ಲ ಎಂದು ನಂಬಿದ್ದವರಿಗೆ ಅವಳಿಗಳ ನೆನಪಾಗಿರಲಿಲ್ಲ. ಮೂರು ನಿಮಿಷ. ಚೀಟಿ ಬಂತು.

ಕೆಂಪು. ‘ತೀವ್ರ ಖಿನ್ನತೆ.’

ಚೀಟಿ ಕೊಡಲು ಬಂದ ಡಾ. ಮೃಣಾಲಿನಿ ಇಟಗಿ, ಆ ಯಂತ್ರ ಮಾಡಿದಾಕೆ, ಚಾಚಿದ ಕೈ ನೋಡಿ ನಿಂತರು. “ನೀವು ಶಾಲೆಯ ಗುಮಾಸ್ತೆ ಅಲ್ವಾ? ಉಗುರಿಗೆ ಈ ನೀಲಿ ಎಲ್ಲಿಂದ ಬಂತು?”

“ನಾ ಹಂಪಮ್ಮ ಅಲ್ರಿ, ಅಕಿ ತಂಗಿ. ನಿನ್ನೆ ಇದ ಕುರ್ಚಿ ಮ್ಯಾಲೆ ಕುಂತು ಹಸಿರು ತಗೊಂಡು ಹೋದಾಕಿ. ಒಂದ ದಿನದಾಗ ನನ್ನ ತಲಿ ಹೆಂಗ ಕೆಟ್ಟಿತ್ರಿ ಮೇಡಂ?”

ವೈದ್ಯೆ ಎರಡೂ ದಿನದ ಚಿತ್ರಗಳನ್ನು ಪಕ್ಕಪಕ್ಕ ಇಟ್ಟರು. ಅದೇ ಮಂಕು, ಅದೇ ಜಾಗದಲ್ಲಿ. “ಯಂತ್ರ ಒಬ್ಬೊಬ್ಬರನ್ನೂ ಅವರವರ ಓಣಿಯ ಸರಾಸರಿಗೆ ಹೋಲಿಸುತ್ತೆ. ನಿನ್ನೆ ನಿಮ್ಮ ಓಣಿಗೆ, ಇವತ್ತು ಕಾರ್ಡಿನಲ್ಲಿರುವ ಅಕ್ಕನ ಬಡಾವಣೆಗೆ. ಬಡವರನ್ನು ಉಳ್ಳವರ ಅಳತೆಯಲ್ಲಿ ಅಳೆಯೋದು ಅನ್ಯಾಯ ಅಂತ ನಾನೇ ಹಾಗೆ ಮಾಡಿದೆ.”

“ಓಣಿಗೆ ಓಣಿನ ಸತ್ತಂಗ ಬದುಕಿದ್ರ?”

“ಸಹಜ ಅನ್ನುತ್ತೆ.”

“ಚಲೋ ಐತ್ರಿ ನಿಮ್ಮ ನ್ಯಾಯ. ನಮ್ಮ ಓಣಿ ಹಿಂಗ ಅಂತ ಅದಕ್ಕ ಹೇಳಿಕೊಟ್ಟವರು ಯಾರು?”

“ಆಸ್ಪತ್ರೆಗಳ ಹಳೇ ದಾಖಲೆಗಳು. ಮೂವತ್ತು ವರ್ಷದ ಹಿಂದಿನವು.”

“ಹಂಗಾರ ನಮ್ಮವ್ವನ್ನ ಹುಡುಕ್ರಿ. ಈರಮ್ಮ ಅಂತ. ನಮ್ಮನ್ನ ಹಡದ ಮ್ಯಾಲೆ ಮಾತ ಬಿಟ್ಟಿದ್ಲಂತ. ಎರಡೂ ಕೂಸು ಹೊತಗೊಂಡು ದವಾಖಾನಿಗೆ ಹೋಗಿದ್ಲಂತ.”

ಹುಡುಕಿದರು. ಸಿಕ್ಕಿತು. ಅವಸರದ ಕೈಬರಹ. ವೈದ್ಯೆ ಓದುವಾಗ ದನಿ ತಗ್ಗಿತು: “ಈರಮ್ಮ. ಒಗೆಯುವ ಕೆಲಸ. ಅವಳಿ ಕೂಸು. ನಿದ್ದೆಯಿಲ್ಲ, ಮಾತಿಲ್ಲ. ಇಂಥವರಿಗೆ ಇದು ಸಹಜ. ಶಕ್ತಿ ಗುಳಿಗೆ ಕೊಟ್ಟು ಕಳಿಸಿದೆ.”

ದುರುಗಮ್ಮ ಅಕ್ಕನ ಕೆಂಪು ಚೀಟಿಯನ್ನು ಮಡಚಿ ಸೆರಗಿಗೆ ಗಂಟು ಹಾಕಿಕೊಂಡಳು. “ಇದು ಅಕಿಗೆ ಇರಲಿ. ಅಕಿದೂ ಖರೇನ ಐತಿ. ನನ್ನದನ್ನ ನೀವು ಕೈಲೆ ಬರೀರಿ.” ಆಮೇಲೆ ಕೇಳಿದಳು, “ಅವ್ವಂದು ಯಾವಾಗಿನದ್ರಿ?”

“ಎರಡು ಸಾವಿರದ ಇಪ್ಪತ್ತಾರು.”

“ಆವಾಗ ಈ ಯಂತ್ರ ಇರಲಿಲ್ಲಲ್ರಿ ಮೇಡಂ. ಅವ್ವನ ಎದುರಿಗೆ ಕುಂತು ಸಹಜ ಅಂತ ಬರದಿದ್ದು ಮನಿಷ್ಯಾನ ಅಲ್ರಿ?”