ಎರಡು ಪಾಳಿಗಳ ನಡುವೆ

"ತಿರುವಿನಲ್ಲಿ ಅಷ್ಟು ಅಗಲಕ್ಕೆ ಯಾಕೆ ಹೋಗ್ತೀರಿ? ಹಿಂದೆ ರೈಲು ಬೋಗಿ ಏನಾದರೂ ಕಟ್ಟಿದ್ದೀರಾ?"

ತರಬೇತಿಯ ಮೊದಲ ದಿನ ಹೆಲ್ಪರ್ ಹಾಗೆಂದಾಗ ಅವಳ ಕಿವಿ ಕೆಂಪಾಯಿತು. ಇಷ್ಟು ದಿನ ಅಪ್ಪನ ಟ್ರ್ಯಾಕ್ಟರ್ ಓಡಿಸಿದವಳು. ಹಿಂದೆ ಟ್ರೇಲರ್ ಇದೆಯೆಂದೇ ಕೈ ತಿರುಗುತ್ತಿತ್ತು. ಪಾರ್ಸೆಲ್ ಕಂಪನಿಯ ಪುಟ್ಟ ವ್ಯಾನಿಗೆ ಅಷ್ಟು ಜಾಗ ಬೇಡವೆಂದು ತಲೆಗೆ ಗೊತ್ತು, ಕೈಗೆ ಗೊತ್ತಿಲ್ಲ. ಅಂದಿನಿಂದ ಅವನ ಬಾಯಲ್ಲಿ ಅವಳು "ಟ್ರ್ಯಾಕ್ಟರಮ್ಮ".

ವಾರ ಮುಗಿಯುತ್ತ ಬಂದರೂ ಅವಳ ಮನಸ್ಸು ಒಂದು ಕಡೆ ನಿಲ್ಲಲಿಲ್ಲ. ಅರ್ಧ ದಿನದ ಕೆಲಸ ಎರಡಿದ್ದವು. ಬೆಳಗಿನ ಪಾಳಿಗೆ ಪೇಟೆಯ ಗಲ್ಲಿಗಳು, ಪಕ್ಕದಲ್ಲಿ ಈ ಹೆಲ್ಪರ್. ಸಂಜೆಯದಕ್ಕೆ ಊರಾಚೆಯ ದಾರಿ, ಒಬ್ಬಳೇ. ಆದರೆ ಸಂಜೆಯದನ್ನು ಹಿಡಿದರೆ ಬೆಳಗ್ಗೆ ಹೊಲ ಉಳಬಹುದು, ಮುಂದೆ ಅದೇ ಕಾಯಂ ಆಗುವ ಆಸೆಯೂ ಇತ್ತು. ಇವತ್ತು ವ್ಯಾನು ಡಿಪೋ ಸೇರುತ್ತಲೇ ಮೇಲ್ವಿಚಾರಕಿಗೆ ಹೇಳಿಬಿಡಬೇಕು.

"ಇದರಲ್ಲಿ ಯೋಚಿಸೋದೇನಿದೆಯೇ? ಸಂಜೆದೇ ಹಿಡಿ," ಎಂದಿದ್ದಳು ಅತ್ತಿಗೆ. ಪಾರ್ಸೆಲ್ ಕೊಟ್ಟು ಓಡೋಡಿ ಬಂದು, ಕನ್ನಡಿಯಲ್ಲಿ ಅವಳ ಕಣ್ಣು ಸಿಕ್ಕಿದರೆ ತಟ್ಟನೆ ರಸ್ತೆ ನೋಡುವ ಒಬ್ಬನಿದ್ದಾನೆ ಎಂದು ಅತ್ತಿಗೆಗೆ ಹೇಗೆ ಹೇಳುವುದು?

"ನೀವೇ ಹೇಳಿ, ಯಾವುದು ಹಿಡೀಲಿ?" ಎಂದಳು ಕೊನೆಗೆ ಪಕ್ಕದಲ್ಲಿದ್ದ ಅವನಿಗೆ, ಗೇರಿನ ಕಡೆ ನೋಡುತ್ತ.

"ಸಂಜೆದು," ಎಂದ, ತಡಮಾಡದೆ.

ಅವಳು ಬ್ರೇಕನ್ನು ಜೋರಾಗಿ ಒತ್ತಿದಳು. "ನಾನು ತೊಲಗಿದರೆ ಸಾಕಾಗಿದೆ ಅನ್ನಿ."

ಅವನು ಮುಂದಿನ ಮನೆಗೆ ಪಾರ್ಸೆಲ್ ಹಿಡಿದು ಇಳಿದ. ಬಾಗಿಲು ತೆರೆದ ಅಜ್ಜಿ ಅದನ್ನು ತಿರುಗಿಸಿ ನೋಡಿ, ಬೀದಿಗೆಲ್ಲ ಕೇಳುವಂತೆ ಗದರಿದಳು: "ಇದು ಪಕ್ಕದ ಮನೇದಲ್ವೇನೋ! ನಿನ್ನೆನೂ ಹೀಗೇ ಮಾಡಿದೆ. ಏನಾಗಿದೆ ನಿನಗೆ?"

ಅವನು ಪೆಚ್ಚುಮೋರೆ ಹಾಕಿಕೊಂಡು ಬಂದು ಕೂತ. "ಕೇಳಿಸ್ತಲ್ಲ? ಇಷ್ಟು ವರ್ಷದಲ್ಲಿ ಒಂದು ಮನೆನೂ ತಪ್ಪಿಸಿದವನಲ್ಲ. ಈಗ ಓದಿದ ನಂಬರ್ ಗೇಟಿನ ತನಕ ತಲೆಯಲ್ಲಿ ನಿಲ್ಲಲ್ಲ. ನಂದು ಹೋಗಲಿ. ನನಗೋಸ್ಕರ ನೀವು ಒಳ್ಳೆ ಕೆಲಸ ಬಿಟ್ಟರೆ, ಆಮೇಲೆ ನಿಮ್ಮ ಮುಖ ಹೇಗೆ ನೋಡಲಿ?"

"ನಿಮಗೋಸ್ಕರ ಅಂತ ಯಾರು ಹೇಳಿದರು?"

"ಯಾರೂ ಇಲ್ಲ. ಸುಮ್ಮನೆ ಆಸೆಪಟ್ಟೆ."

ಅವಳು ತುಟಿ ಕಚ್ಚಿಕೊಂಡು ವ್ಯಾನು ಹೊರಡಿಸಿದಳು. ಉಳಿದ ಪಾರ್ಸೆಲ್ ಹಂಚಿ ಡಿಪೋ ಸೇರಿದರು.

"ಏನಮ್ಮಾ, ಯಾವುದು?" ಮೇಲ್ವಿಚಾರಕಿ ಕಿಟಕಿಯಿಂದಲೇ ಕೇಳಿದಳು.

"ಸಂಜೆದು ಅಕ್ಕ."

ಅವನು ತಲೆ ತಗ್ಗಿಸಿ ಖಾಲಿ ವ್ಯಾನಿನ ಹಿಂಬಾಗಿಲು ಮುಚ್ಚಿದ. ಮುಚ್ಚಿದ್ದನ್ನೇ ತೆಗೆದು ಮತ್ತೆ ಮುಚ್ಚಿದ.

ಅವಳು ಹತ್ತಿರ ಬಂದಳು. "ನಿಮ್ಮ ಪಾಳಿ ಊಟದ ಹೊತ್ತಿಗೆ ಮುಗಿಯುತ್ತೆ ತಾನೆ?"

"ಹೌದು."

"ನಂದು ಶುರುವಾಗೋದು ಬಿಸಿಲು ಇಳಿದ ಮೇಲೆ. ನಡುವಿನ ಹೊತ್ತನ್ನ ಕಂಪನಿ ಯಾರಿಗೂ ಕೊಟ್ಟಿಲ್ಲ. ಅದು ನಂಗೆ ಬೇಕು." ಗಟ್ಟಿಯಾಗಿ ಹೊರಟ ದನಿ ಇಲ್ಲಿಗೆ ಬಂದು ಸಡಿಲವಾಯಿತು. "ಒಬ್ಬಳೇ ಕೂತರೆ ಅನ್ನ ಇಳಿಯಲ್ಲ ನಂಗೆ. ನಾಳೆಯಿಂದ ಬುತ್ತಿ ಇಬ್ಬರಿಗೆ ತರ್ತೀನಿ. ಬರ್ತೀರಾ?"

ಅವನು ಅವಳನ್ನೇ ನೋಡಿದ. ಈ ಸಲ ರಸ್ತೆಯ ಕಡೆ ತಿರುಗಲಿಲ್ಲ.

"ನಾಳೆವರೆಗೂ ಯಾಕೆ? ಇವತ್ತು ಹಸಿವಾಗಲ್ವಾ?"