ಬೋಳಂಟು

ಚಂದ್ರಮತಿಯ ಹಣೆಗೆ ಕಟ್ಟಿದ್ದ ಪಟ್ಟಿ ಬೆಚ್ಚಗಾಯಿತು. ಎದುರಿನ ಪರದೆಯ ಮೇಲೆ ಅಕ್ಷರಗಳು ಮೂಡತೊಡಗಿದವು. ಅವಳು ಬಾಯಿ ತೆರೆದಿರಲಿಲ್ಲ. ಗಾಲಿಕುರ್ಚಿಯಲ್ಲಿದ್ದ ಮೈದುನ ಮುಕುಂದನಿಗೆ ಗಂಜಿ ತಿನ್ನಿಸುತ್ತಿದ್ದಳು, ಅಷ್ಟೇ.

‘ನುಂಗೋ ಮಾರಾಯ’ ಎಂಬುದು ದಪ್ಪ ಅಕ್ಷರದಲ್ಲಿ ಬಂತು. ‘ಗಂಟಲಿಗೆ ಸಿಕ್ಕಿಕೊಂಡರೆ?’ ಎಂಬುದು ಓರೆಯಾಗಿ, ಸಾಸಿವೆಯಷ್ಟು ಸಣ್ಣದಾಗಿ ಬಂತು. ಮುಕುಂದ ಬಾಯಲ್ಲಿದ್ದುದನ್ನು ಅವಳ ಸೀರೆಯ ಮೇಲೆ ಉಗುಳಿದ. ‘ಇವನು ಹೋಗಿಬಿಟ್ಟರೆ ಸಾಕು’ ಎಂದು ಮೂಡಿತು. ಕೊನೆಯ ಅಕ್ಷರ ಮುಗಿಯುವ ಮೊದಲೇ ಆ ಸಾಲಿನ ಎದೆಯ ಮೇಲೆ ಒಂದು ಅಡ್ಡಗೆರೆ ಸರ್ರನೆ ಹಾದುಹೋಯಿತು. ಅದರ ಮುಂದೆ: ‘ಗಂಜಿ ಬಿಸಿಯಿತ್ತೇನೋ.’

ಪರದೆಯತ್ತ ತಿರುಗಿದ ಚಂದ್ರಮತಿಯ ಕೈಯಿಂದ ಚಮಚ ಬಿತ್ತು. “ಅಯ್ಯೋ ಡಾಕ್ಟ್ರೇ, ಅದನ್ನ ಅಳಿಸ್ರಿ! ನಾನ್ ಹಂಗೆಲ್ಲ ಅನ್ಕೊಂಡಿಲ್ಲ!”

“ಅನ್ಕೊಂಡ್ರಿ,” ಎಂದು ವಿಜ್ಞಾನಿ ತಾರಾನಾಥ ನಕ್ಕರು. “ಅನ್ಕೊಂಡು, ಹೊಡೆದು ಹಾಕಿದ್ರಿ. ನನಗೆ ಬೇಕಾಗಿದ್ದೇ ಅದು.”

ಆ ಯಂತ್ರಕ್ಕೆ ಅವರು ಇಟ್ಟ ಹೆಸರು ಮನಲೇಖಿ. ಮಿದುಳಿನಲ್ಲಿ ಸಾಮಾನ್ಯವಾಗಿ ಯೋಚನೆಯ ಹಿಂದೆಯೇ ಇನ್ನೊಂದು ಅಲೆ ಏಳುತ್ತದೆ. ಯೋಚನೆಯನ್ನು ಒಪ್ಪುವ ಅಲೆ, ಅನುಮಾನಿಸುವ ಅಲೆ ಅಥವಾ ತಳ್ಳುವ ಅಲೆ. ಮೂರನೆಯದಕ್ಕೆ ಅವರು ನಿರಾಕರಣ ತರಂಗ ಎನ್ನುತ್ತಿದ್ದರು. ಒಪ್ಪಿದ್ದನ್ನು ಮನಲೇಖಿ ದಪ್ಪಗೆ ಬರೆಯುತ್ತಿತ್ತು, ಅನುಮಾನವನ್ನು ಓರೆಯಾಗಿ, ತಳ್ಳಿದ್ದನ್ನು ಅಡ್ಡಗೆರೆ ಎಳೆದು. ಯಾವ ಅಲೆಯೂ ಏಳದಿದ್ದರೆ ಬರೀ ಸಾದಾ ಅಕ್ಷರ. ಯೋಚನೆಯೆಂಬುದು ಕರೆಯದೆ ಬರುವ ನೆಂಟ. ಅವನು ಬಂದದ್ದರಲ್ಲಿ ಯಾರ ತಪ್ಪೂ ಇಲ್ಲ. ಎಲೆ ಹಾಕಿ ಕೂರಿಸಿದರೋ, ಹೊಸ್ತಿಲಲ್ಲೇ ಸಾಗಹಾಕಿದರೋ ಎಂಬುದರಲ್ಲಿ ಮನೆಯವರ ಗುಣ ತಿಳಿಯುತ್ತದೆ ಎನ್ನುವುದು ತಾರಾನಾಥರ ಸಿದ್ಧಾಂತ.

“ಆ ಗೆರೆ ಯಂತ್ರ ಎಳೆದಿದ್ದಲ್ಲಮ್ಮ, ನೀವು ಎಳೆದಿದ್ದು.”

“ದಿನಾ ಎಳೀತೀನಾ?”

“ಬೆಳಗ್ಗೆಯಿಂದ ಎಳೀತಾನೇ ಇದೀರಿ.”

“ಮತ್ತೆ ರಂಗೋಲಿ ಹಾಕಕ್ಕೆ ಮಾತ್ರ ನಂಗೆ ಗೆರೆ ಬರಲ್ಲ ಅಂತಿದ್ರು ನಮ್ಮತ್ತೆ,” ಎಂದು ಚಂದ್ರಮತಿ ನಕ್ಕಳು. ಅವಳು ನಕ್ಕದ್ದನ್ನು ಕಂಡು ಮುಕುಂದನೂ ನಕ್ಕ. ಗೋಡೆಗೆ ಬಣ್ಣ ಹೊಡೆಯುತ್ತಿದ್ದಾಗ ಸಾರುವೆಯಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ ಅವನಿಗೆ ಮಾತು ಹೋಗಿತ್ತು. ಅತ್ತಿಗೆ ನಕ್ಕರೆ ನಗುವುದು ಮಾತ್ರ ಉಳಿದಿತ್ತು. ಅವನ ಅಣ್ಣ ತೀರಿಕೊಂಡ ಮೇಲೆ ಅವನಿಗೆ ಇದ್ದವಳು ಅವಳೊಬ್ಬಳೇ.

ಆ ಕಾಲಕ್ಕೆ ರೋಗಿಯನ್ನು ಮನೆಯಲ್ಲಿ ಇಟ್ಟುಕೊಳ್ಳಲೂ ಪರವಾನಗಿ ಬೇಕಾಗಿತ್ತು. ನಾಯಿಗೆ ಬೇಕು, ಬೈಕಿಗೆ ಬೇಕು, ಮೈದುನನಿಗೆ ಯಾಕೆ ಬೇಡ ಎಂದು ವಿಧಾನಸಭೆಯಲ್ಲಿ ಯಾರೋ ಕೇಳಿದ್ದರು; ಉತ್ತರ ಹೊಳೆಯದೆ ಕಾಯಿದೆಯಾಗಿತ್ತು. ನೋಡಿಕೊಳ್ಳುವವರ ಮನಸ್ಸನ್ನು ಮನಲೇಖಿಯಲ್ಲಿ ಬರೆಸಿ ಕಚೇರಿಗೆ ಒಪ್ಪಿಸಬೇಕು. ಮನಸ್ಸು ಸರಿಯಿಲ್ಲವೆಂದು ಕಂಡರೆ ರೋಗಿ ಪಾಲನಾಧಾಮಕ್ಕೆ.

“ನಿಮಗೆ ಸಿಗದೆ ಇನ್ಯಾರಿಗೆ ಸಿಗುತ್ತೆ?” ಎಂದು ತಾರಾನಾಥರು ಧೈರ್ಯ ಹೇಳಿ ಕಳಿಸಿದರು.

ತುಮಕೂರಿನ ಪರವಾನಗಿ ಕಚೇರಿಯ ಅಧಿಕಾರಿ ವಿರೂಪಾಕ್ಷಯ್ಯ ಕೆಟ್ಟ ಮನುಷ್ಯನಲ್ಲ, ಶಿಸ್ತಿನ ಮನುಷ್ಯ. ಶಿಸ್ತು ಮಾಡಿದಷ್ಟು ಹಾನಿಯನ್ನು ಕೆಟ್ಟತನಕ್ಕೆ ಮಾಡಲು ಪುರಸೊತ್ತು ಸಿಗುವುದಿಲ್ಲ. ಹಿಂದೊಮ್ಮೆ ಕಡತಗಳೆಲ್ಲ ಮದುವೆ ಕರೆಯೋಲೆಗಳಂತೆ ಬರುತ್ತಿದ್ದವು. ಒಬ್ಬರದು ಗುಲಾಬಿ ಅಕ್ಷರ, ಇನ್ನೊಬ್ಬರದು ಬಳ್ಳಿ ಸುತ್ತಿದ ಅಕ್ಷರ. ಅದಕ್ಕೆ ನಿಯಮ ಬಂತು: ಒಂದೇ ಶೈಲಿ, ಒಂದೇ ಗಾತ್ರ, ಕಪ್ಪು ಬಣ್ಣ. ಬಂದದ್ದನ್ನೆಲ್ಲ, ಅಲಂಕಾರ ಕಳಚಿ ಬರೀ ಅಕ್ಷರ ಉಳಿಸುವ ‘ಸೋಸಿ ಅಂಟಿಸು’ ಎಂಬ ಕೀಲಿ ಒತ್ತಿಯೇ ಕಡತಕ್ಕೆ ಸೇರಿಸಬೇಕು. ಸಿಬ್ಬಂದಿ ಅದನ್ನು ಬೋಳಂಟು ಎನ್ನುತ್ತಿದ್ದರು. ತಲೆ ಬೋಳಿಸಿದ ಮೇಲೆ ಗುಂಗುರು ಕೂದಲಿನವನು ಯಾರು, ಜಡೆಯವನು ಯಾರು? ವಿರೂಪಾಕ್ಷಯ್ಯನ ಹೆಬ್ಬೆರಳು ಆ ಕೀಲಿಯನ್ನು ಕಣ್ಣು ಮುಚ್ಚಿಕೊಂಡೂ ಹುಡುಕಿಕೊಳ್ಳುತ್ತಿತ್ತು.

ವಿಚಾರಣೆಯ ದಿನ ಅವನು ಪರದೆ ನೋಡಿ ಗಟ್ಟಿಯಾಗಿ ಓದಿದ.

“‘ಇವನು ಹೋಗಿಬಿಟ್ಟರೆ ಸಾಕು. ಗಂಜಿ ಬಿಸಿಯಿತ್ತೇನೋ. ದಿಂಬು ಮುಖಕ್ಕೆ ಒತ್ತಿದರೆ ಎಲ್ಲ ಮುಗಿಯುತ್ತದೆ. ದಿಂಬಿನ ಚೀಲ ಒಗೆಯಬೇಕು.’ ಏನಮ್ಮಾ ಇದು? ಕೊಲೇನೂ ಮಾಡ್ತೀರಿ, ಆಮೇಲೆ ಬಟ್ಟೇನೂ ಒಗೀತೀರಾ?”

ಚಂದ್ರಮತಿಯ ಜೊತೆಗೆ ಬಂದಿದ್ದ ತಾರಾನಾಥರು ಎದ್ದು ನಿಂತರು. “ಸ್ವಾಮಿ, ಹೋಗಿಬಿಟ್ಟರೆ ಅನ್ನೋದಕ್ಕೆ ಗೆರೆ ಇತ್ತು. ದಿಂಬು ಒತ್ತೋದಕ್ಕೂ ಗೆರೆ ಇತ್ತು. ಎಲ್ಲಿ ಹೋಯ್ತು?”

“ಗೆರೆ ಪಠ್ಯ ಅಲ್ಲ ಸಾರ್, ಅಲಂಕಾರ. ಅಲಂಕಾರ ನಾವ್ ತಗೊಳಲ್ಲ. ಒಂದಕ್ಷರ ಬಿಟ್ಟಿದ್ರೆ ತೋರ್ಸಿ, ಇವತ್ತೇ ರಾಜೀನಾಮೆ ಕೊಡ್ತೀನಿ.”

ಒಂದಕ್ಷರವೂ ಬಿಟ್ಟಿರಲಿಲ್ಲ.

“ಹಾಗಾದ್ರೆ ಮೂಲ ತೆಗೆದು ನೋಡಿ!”

“ಮೂಲ ನೋಡೋ ಹಂಗಿಲ್ಲ. ಹೆಂಗಸಿನ ಮನಸ್ಸು, ಖಾಸಗಿ ವಿಷಯ. ಅಂಟಿಸಿದ್ದು ಮಾತ್ರ ದಾಖಲೆ.”

ಚಂದ್ರಮತಿ ಮೆಲ್ಲಗೆ ಕೇಳಿದಳು: “ಸಾರ್, ನಿಮ್ ಮನೇಲಿ ಯಾರೂ ಹಾಸಿಗೆ ಹಿಡಿದಿಲ್ವಾ?”

ವಿರೂಪಾಕ್ಷಯ್ಯ ಪರದೆಯಿಂದ ಕಣ್ಣು ತೆಗೆದ. “ನಮ್ಮಪ್ಪ ಹಿಡಿದಿದ್ರು. ಪುಣ್ಯ, ಆಗ ಈ ಯಂತ್ರ ಇರ್ಲಿಲ್ಲ,” ಎಂದ. ಆಮೇಲೆ ಅರ್ಜಿಯನ್ನು ತಿರಸ್ಕರಿಸಿದ.

ಮುಕುಂದನನ್ನು ಧನಂಜಯ ಎಂಬವನು ನಡೆಸುತ್ತಿದ್ದ ಕಾರುಣ್ಯಧಾಮವೆಂಬ ಪಾಲನಾಧಾಮಕ್ಕೆ ಒಪ್ಪಿಸಲಾಯಿತು. ಧನಂಜಯನ ಮನಸ್ಸನ್ನು ಬರೆಸಿದವರೂ ತಾರಾನಾಥರೇ. ‘ಹಾಸಿಗೆ ಖಾಲಿ ಇದೆ. ಬೆಳಗ್ಗೆ ಗಂಜಿ, ಸಂಜೆ ಗಂಜಿ. ಚಾದರ ಬದಲಾಯಿಸಬೇಕು.’ ದಪ್ಪವಿಲ್ಲ, ಓರೆಯಿಲ್ಲ, ಒಂದೇ ಒಂದು ಗೆರೆಯಿಲ್ಲ. ರೋಗಿಗಳು ಸಾಯಲಿ ಎಂದು ಅವನಿಗೆ ಯಾವತ್ತೂ ಅನ್ನಿಸಿರಲಿಲ್ಲ. ಬದುಕಲಿ ಎಂದೂ ಅನ್ನಿಸಿರಲಿಲ್ಲ. ಬೋಳಿಸಲು ಕೂದಲೇ ಇಲ್ಲದ ತಲೆ. ಕಚೇರಿಗೆ ಅಂಥ ಅಚ್ಚುಕಟ್ಟಾದ ಮನಸ್ಸು ಹಿಂದೆಂದೂ ಬಂದಿರಲಿಲ್ಲ.

ಗಾಡಿ ಬಂದಾಗ ಮುಕುಂದ ಅತ್ತಿಗೆಯ ಸೆರಗು ಹಿಡಿದುಕೊಂಡ. ಧಾಮದವರು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಬಿಡಿಸುವಾಗ ಅವರ ಮುಖದಲ್ಲಿ ಸಿಟ್ಟೂ ಇರಲಿಲ್ಲ.

ವಾರದೊಳಗೆ ಚಂದ್ರಮತಿ ಅದೇ ಧಾಮದಲ್ಲಿ ಆಯಾ ಕೆಲಸಕ್ಕೆ ಸೇರಿದಳು. ಸಂಬಳಕ್ಕೆ ನೋಡಿಕೊಳ್ಳುವವರ ಮನಸ್ಸು ಸರ್ಕಾರಕ್ಕೆ ಬೇಕಾಗಿರಲಿಲ್ಲ, ಕೈಯಿದ್ದರೆ ಸಾಕಾಗಿತ್ತು. “ಹೋಗ್ಲಿ ಬಿಡಿ ಡಾಕ್ಟ್ರೇ, ಕಣ್ಮುಂದೆ ಇರ್ತಾನಲ್ಲ,” ಎಂದಳು. ತಾರಾನಾಥರು ಮೇಲ್ಮನವಿ ಹಾಕಿದರು.

ಅವಳಿಗೆ ಸಿಕ್ಕಿದ್ದು ಮುಕುಂದನಲ್ಲ, ಒಂದು ಇಡೀ ಕೊಠಡಿ. ಅವನು ಅದರ ಮೂಲೆಯ ಹಾಸಿಗೆ. ಮೊದಮೊದಲು ಅವಳು ಅವನ ಬಳಿ ಎರಡು ತುತ್ತು ಹೆಚ್ಚು ಹೊತ್ತು ಕೂರುತ್ತಿದ್ದಳು. “ಮಿಕ್ಕವರೇನು ಕಲ್ಲು ತಿಂತಾರಾ?” ಎಂದು ಮೇಲ್ವಿಚಾರಕಿ ಗದರಿದಳು. ಉಗುಳಿದರೆ ಒರೆಸಲು ಹೊತ್ತಿಲ್ಲ, ಅದಕ್ಕೇ ಮೂಗಿನಿಂದ ಗಂಜಿ ಇಳಿಸುವ ನಳಿಕೆ. ನಳಿಕೆಯಿಟ್ಟವನು ಉಗುಳುವುದಿಲ್ಲ. ಉಗುಳದವನ ಮೇಲೆ ಸಿಟ್ಟು ಬರುವುದಿಲ್ಲ. ಸಿಟ್ಟೇ ಬಾರದ ಮೇಲೆ ಹೊಡೆದು ಹಾಕುವುದೇನನ್ನು? ನಗಲೂ ಪುರಸೊತ್ತಿರಲಿಲ್ಲವಾದ್ದರಿಂದ ಮುಕುಂದನೂ ನಗುವುದನ್ನು ಬಿಟ್ಟ. ಗಂಟೆ ಹೊಡೆಯುತ್ತಿತ್ತು, ಗಂಜಿ ಇಳಿಯುತ್ತಿತ್ತು.

ಒಂದು ವರ್ಷದ ಮೇಲೆ ಮೇಲ್ಮನವಿ ವಿಚಾರಣೆಗೆ ಬಂತು. ಮನಲೇಖಿಯನ್ನು ಕಚೇರಿಯಲ್ಲೇ ಹೂಡಿ, ಗೆರೆ ಮೂಡುವುದನ್ನು ಅಧಿಕಾರಿಯ ಕಣ್ಣಿಗೇ ತೋರಿಸಲು ತಾರಾನಾಥರು ಒಪ್ಪಿಗೆ ಪಡೆದಿದ್ದರು. ಚಂದ್ರಮತಿ ಸಮವಸ್ತ್ರದಲ್ಲೇ ಬಂದಳು. ಪಟ್ಟಿ ಕಟ್ಟಿದರು.

‘ಕುರ್ಚಿ ಇದೆ. ಫ್ಯಾನು ತಿರುಗುತ್ತಿದೆ. ಸಂಜೆ ಗಂಜಿ ಇದೆ.’

“ಮುಕುಂದನ್ನ ನೆನೆಸ್ಕೊಳಿ ಅಮ್ಮ,” ಎಂದರು ತಾರಾನಾಥರು.

‘ಮುಕುಂದ. ಮೂಲೆಯ ಹಾಸಿಗೆ. ನಳಿಕೆ ಬದಲಾಯಿಸಬೇಕು.’ ಎಲ್ಲವೂ ಒಂದೇ ಗಾತ್ರ, ಒಂದೇ ಶೈಲಿ.

ತಾರಾನಾಥರು ತಂತಿಗಳನ್ನು ತಡಕಿದರು. ಪಟ್ಟಿ ಬಿಚ್ಚಿ ತಮ್ಮ ಹಣೆಗೇ ಕಟ್ಟಿಕೊಂಡರು. ‘ದೇವರೇ, ಯಂತ್ರ ಕೆಟ್ಟಿರಲಿ’ ಎಂದು ಪರದೆಯ ತುಂಬ ದಪ್ಪ ದಪ್ಪ ಅಕ್ಷರಗಳು ಎದ್ದವು. ಯಂತ್ರ ಕೆಟ್ಟಿರಲಿಲ್ಲ. ಪಟ್ಟಿಯನ್ನು ಮತ್ತೆ ಅವಳಿಗೆ ಕಟ್ಟಿದರು.

ವಿರೂಪಾಕ್ಷಯ್ಯನಿಗೆ ನಿಜಕ್ಕೂ ಸಂತೋಷವಾಗಿತ್ತು. “ನೋಡಿದ್ರಾ ಸಾರ್, ಎಷ್ಟ್ ಚೆನ್ನಾಗ್ ಸುಧಾರಿಸಿದ್ದಾರೆ! ಪರವಾನಗಿ ಮಂಜೂರು. ಹೋಗಮ್ಮ, ಇವತ್ತೇ ಮನೇಗ್ ಕರ್ಕೊಂಡ್ ಹೋಗು.”

“ಯಾಕ್ ಸಾರ್?” ಎಂದಳು ಚಂದ್ರಮತಿ. “ಅಲ್ಲೇ ಇರ್ಲಿ ಬಿಡಿ. ಮನೇಗ್ ತಂದ್ರೆ ಒಬ್ಬನಿಗೋಸ್ಕರ ಬೇರೆ ಗಂಜಿ ಕಾಯಿಸ್ಬೇಕು.”

ಪರದೆಯ ಮೇಲೆ ‘ಅಲ್ಲೇ ಇರಲಿ’ ಎಂದು ಮೂಡಿತು. ತಾರಾನಾಥರು ಆ ಎರಡು ಪದಗಳನ್ನು ರೆಪ್ಪೆ ಬಡಿಯದೆ ನೋಡುತ್ತ ನಿಂತರು. ಈಗ ಗೆರೆ ಬರುತ್ತದೆ, ಈಗ ಬರುತ್ತದೆ. ಅದರ ಮುಂದೆ ‘ಬಸ್ಸು ತಪ್ಪುತ್ತದೆ’ ಎಂದು ಬಂತು.

ವಿರೂಪಾಕ್ಷಯ್ಯ ಎಲ್ಲವನ್ನೂ ಕಡತಕ್ಕೆ ಸೇರಿಸಿದ. “ಇದಕ್ಕೆ ಬೋಳಂಟು ಕೂಡ ಬೇಕಾಗ್ಲಿಲ್ಲ ಸಾರ್,” ಎಂದ. “ಹಂಗಂಗೇ ಕೂತ್ಕೊಳ್ತು.”