ಖಾಲಿ ಬುಟ್ಟಿಗೆ ಕಾದವನು

ಮಧ್ಯಾಹ್ನದ ಎಡೆ ಹಿಡಿಯಲು ಗುಡಿಯ ಬಾಗಿಲು ತೆರೆದರೆ ಬಮ್ಮಿಗಟ್ಟಿಯ ಬೀರದೇವರಿಗೆ ಮುಖವೇ ಇರಲಿಲ್ಲ. ಬೆಳ್ಳಿಯ ಮುಖವಾಡ ಮಾಯ. ಬೀಗ ಮಾತ್ರ ಗಟ್ಟಿಮುಟ್ಟಾಗಿತ್ತು.

ಕೀಲಿ ಇದ್ದದ್ದು ಪೂಜಾರಿ ಭೀಮಶಿಯ ಹತ್ತಿರ. ಊರು ಅಲ್ಲೇ ತೀರ್ಪು ಕೊಟ್ಟಿತು. ಸಂಜೆಯೊಳಗೆ ಮುಖವಾಡ ಸಿಗದಿದ್ದರೆ ಪೂಜೆಯ ಹಕ್ಕು ಅವನ ದಾಯಾದಿ ಹನಮಂತಪ್ಪನಿಗೆ. ಹಿರಿಯ ಶಂಕ್ರಪ್ಪ ಆಗಲೇ ಕೀಲಿ ಕಸಿದುಕೊಂಡಿದ್ದ.

"ಅಂಗಿ ಬಿಚ್ಚಿ ಗುಡಿ ಮುಂದಿನ ಬೇವಿನ ಗಿಡಕ್ಕ ಹಾಕಿದ್ದೆರಿ. ಕೀಲಿ ಕಿಸೇದಾಗ ಇತ್ತು," ಎಂದ ಭೀಮಶಿ. "ನಾ ಬಾವಿ ತಳದಾಗ ಇದ್ದೆ."

ಅಂದು ಊರ ಬಾವಿಯ ಹೂಳು ತೆಗೆಯುವ ದಿನ. ಗಂಡಸರೆಲ್ಲ ಮೆಟ್ಟಿಲ ಮೇಲೆ ಸಾಲು ನಿಂತು ಕೈಯಿಂದ ಕೈಗೆ ಬುಟ್ಟಿ ಸಾಗಿಸಿದ್ದರು. ಬಮ್ಮಿಗಟ್ಟಿಯ ಕೆಸರು ಸಾಮಾನ್ಯದ್ದಲ್ಲ. ಒಮ್ಮೆ ಇಳಿದ ಬಿಳಿ ಎತ್ತು ಎಮ್ಮೆಯಾಗಿ ಹತ್ತಿ ಬಂದು ಹಾಲು ಕೊಟ್ಟಿತ್ತು. ಆ ಹಾಲಿನ ಚಹಾ ನಾನೇ ಕುಡಿದಿದ್ದೇನೆ. ಹೀಗಾಗಿ ಮುಖವೆಲ್ಲ ಕೆಸರು ಮೆತ್ತಿದ ಆ ಸಾಲಿನಲ್ಲಿ ಯಾರಿದ್ದರು, ಯಾರಿರಲಿಲ್ಲ ಎಂದು ಹೇಳಬಲ್ಲವರೇ ಇರಲಿಲ್ಲ.

* * *

ತನಿಖೆಗೆ ಬಂದ ಪಿಎಸ್‌ಐ ಅಮೃತಾ ಕೂರಲಾರಳು, ನಿಲ್ಲಲಾರಳು. ಸೈಬರ್ ವಿಭಾಗದ ಪರೀಕ್ಷೆ ಹತ್ತಿರ ಬಂದಿತ್ತು. ಫಂಕ್ಷನಲ್ ಪ್ರೋಗ್ರಾಮಿಂಗಿನ ಟೇಲ್ ರಿಕರ್ಷನ್ ಈಗಷ್ಟೇ ತಲೆಗೆ ಹತ್ತುತ್ತಿತ್ತು. ಗುಡಿಯ ಕಟ್ಟೆ ಸುತ್ತುತ್ತ ಒಬ್ಬನ ಹೇಳಿಕೆ ಕೇಳುವಳು, ಮತ್ತೆ ಮೊಬೈಲಿನ ಪಾಠ ನೋಡುವಳು.

"ಏನೈತಿರಿ ಮೇಡಂ ಅದರಾಗ?" ಎಂದ ಕಾನ್‌ಸ್ಟೆಬಲ್ ಬುಡನಸಾಬ.

"ಸಾದಾ ರಿಕರ್ಷನ್‌ದಾಗ ಒಂದು ಫಂಕ್ಷನ್, ಅಂದ್ರ ಕಂಪ್ಯೂಟರಿಗೆ ಹಚ್ಚಿದ ಒಂದು ಕೆಲಸ, ತನ್ನನ್ನ ತಾನ ಕರೀತೈತಿ. ಅದು ಮತ್ತ ಕರೀತೈತಿ. ಉತ್ರ ವಾಪಸ್ ಬರೂತನಕ ಎಲ್ಲಾರೂ ಕಾಯಬೇಕು. ಭಾಳ ಮಂದಿ ಕಾದ್ರ ಜಾಗಾ ತುಂಬಿ ಪ್ರೋಗ್ರಾಮ್ ಸಾಯ್ತೈತಿ."

"ನಮ್ಮ ಠಾಣೆ ಇದ್ದಂಗ ಬಿಡ್ರಿ."

"ಟೇಲ್ ರಿಕರ್ಷನ್ ಹಂಗಲ್ಲ. ಅಲ್ಲೀತನಕ ಆಗಿದ್ದ ಲೆಕ್ಕಾನೂ ಮುಂದಿನವಗ ಕೊಟ್ಟ ಬಿಡೂದು. ಕೊಟ್ಟ ಮ್ಯಾಲೆ ಕೆಲಸಾ ಮುಗೀತು. ಕಡೇದಾವ ಉತ್ರಾ ನೆಟ್ಟಗ ಒಪ್ಪಸ್ತಾನ. ನಡುವಿನವರು ಯಾರೂ ಕಾಯೂದಿಲ್ಲ."

ಅಷ್ಟರಲ್ಲಿ ಹನಮಂತಪ್ಪ ಬಂದ. ಕೂದಲಿನಿಂದ ಕಾಲಿನವರೆಗೆ ಕೆಸರು.

"ನಾ ಎಲ್ಲಿ ಹೋಗ್ಲಿರಿ? ಮುಂಜಾನಿಂದ ನಡು ಮೆಟ್ಟಲದಾಗ ನಿಂತೀನಿ. ತುಂಬಿದ ಬುಟ್ಟಿ ಮ್ಯಾಲ ಕೊಡೂದು, ಖಾಲಿ ಬುಟ್ಟಿ ವಾಪಸ್ ಬರೂತನಕ ಕೈ ಚಾಚಿ ಕಾಯೂದು, ಇಸ್ಕೊಂಡು ಕೆಳಗ ಕೊಡೂದು. ಪ್ರತಿ ವರ್ಷಾ ಇದ ರೂಢಿ."

ಅಮೃತಾಳ ಕಾಲು ಥಟ್ಟನೆ ನಿಂತವು.

"ಬಾವೀ ಕಡೆ ಹೋಗೂಣು ನಡೀರಿ."

* * *

ಬಾವಿಯ ದಂಡೆಯಲ್ಲಿ ಪಂಚಾಯಿತಿ ಸದಸ್ಯೆ ಸುನೀತಾ ಬುಟ್ಟಿ ತೊಳೆಯುತ್ತಿದ್ದಳು.

"ಖಾಲಿ ಬುಟ್ಟಿ ಹೆಂಗ ಕೆಳಗ ಹೋಗ್ತಿದ್ವು?" ಅಮೃತಾ ಕೇಳಿದಳು.

"ಈ ಸರ್ತಿ ಕೈಯಾಗ ಕಳಸಿಲ್ರಿ, ಹೊತ್ತಾಗ್ತೈತಿ. ಮ್ಯಾಲಿಂದ ನಾನ ತಳಕ್ಕ ಒಗದೀನಿ. ಒಗದಾಗೊಮ್ಮೆ ಭೀಮಶಿಯಣ್ಣ ಕೆಳಗಿಂದ ಬೈದಾನ. ಸಾಲಿನ್ಯಾಗಿದ್ದವರಿಗೆಲ್ಲಾ ಕೇಳೇತಿ."

ಅಮೃತಾ ಹನಮಂತಪ್ಪನ ಕಡೆ ತಿರುಗಿದಳು.

"ಇವತ್ತ ನಡುವಿನವರು ಯಾರೂ ಖಾಲಿ ಬುಟ್ಟಿ ಮುಟ್ಟಿಲ್ಲ. ಕೊಟ್ಟರು, ಮರತರು. ನೀವು ಕಾದದ್ದು ಹ್ವಾದ ವರ್ಷದ ಬುಟ್ಟಿಗೆ! ಸಾಲಿನ್ಯಾಗ ನಿಂತಿದ್ರ ಗೊತ್ತಾಗತಿತ್ತು. ಎಲ್ಲಾರೂ ಇಳದಾಗ ಗಿಡದಾಗಿನ ಅಂಗಿಯಿಂದ ಕೀಲಿ ತಗೊಂಡ್ರಿ. ಮುಖವಾಡ ಒಯ್ದು, ಕೀಲಿ ಅಲ್ಲೇ ಇಟ್ರಿ. ಆಮ್ಯಾಲೆ ಕೆಸರು ಬಳಕೊಂಡು ಊಟದ ಹೊತ್ತಿಗೆ ಬಂದು ಕೂಡಿದ್ರಿ."

ಹನಮಂತಪ್ಪ ಬಾವಿಯ ದಂಡೆಯ ಮೇಲೆ ಕುಸಿದು ಕೂತ. "ಎಷ್ಟ ವರ್ಷ ಅವರ ಮನಿಯವರೇ ಪೂಜಿ ಮಾಡಬೇಕ್ರಿ?"

ಅವನ ಮೇವಿನ ಬಣವೆಯಲ್ಲಿ ದೇವರು ಸಿಕ್ಕ. ಬೆಳ್ಳಿ ಮೀಸೆ ಒಂದಿಷ್ಟೂ ಕೊಂಕಿರಲಿಲ್ಲ.

* * *

ಶಂಕ್ರಪ್ಪ ಕೀಲಿ ಚಾಚಿದ. ಭೀಮಶಿ ಕೈ ಮುಂದೆ ಮಾಡಲಿಲ್ಲ.

"ಮಧ್ಯಾಹ್ನ ಕಳ್ಳ ಅಂದ್ರಿ. ಕಳ್ಳಗ ಕೀಲಿ ಕೊಡ್ತಾರೇನ್ರಿ?"

ಭೀಮಶಿಯ ಹೆಂಡತಿ ಬಸಕ್ಕ ಮಂದಿಯನ್ನು ಸರಿಸಿಕೊಂಡು ಬಂದಳು, ಕೀಲಿ ಕಸಿದಳು, ಗಂಡನ ಉಡಿದಾರಕ್ಕೆ ಬಿಗಿಯಾಗಿ ಕಟ್ಟಿದಳು.

"ಇವರ ಮ್ಯಾಲಿನ ಸಿಟ್ಟು ನಾಳಿಗೆ ಇಟಗೋ. ದೀಪಾ ಹಚ್ಚೂ ಹೊತ್ತಾತು, ನಡಿ."